ಅವ್ವ ಊಟಕ್ಕೆ ಹಾಲ್‌ಗೆ ಬರುತ್ತಿಲ್ಲ: ಬಿಡಬೇಕೋ, ಕರೆಯಬೇಕೋ?

ಪ್ರಶ್ನೆ: ನಮ್ಮ ಅವ್ವಗೆ 78 ವರ್ಷ. ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಪ್ಪ ಹೋದ ಮೇಲೆ ಎರಡು ವರ್ಷ ಒಬ್ಬಳೇ ಇದ್ದಳು, ಬಚ್ಚಲಲ್ಲಿ ಎರಡು ಸಲ ಬಿದ್ದಳು. ನಾನು ಪುಣೆಯಲ್ಲಿದ್ದೇನೆ, ತಮ್ಮ ಬೆಂಗಳೂರಿನಲ್ಲಿ. ನಮ್ಮಿಬ್ಬರ ಮನೆಯಲ್ಲೂ ಅವಳಿಗೆ ಹೊಂದಲಿಲ್ಲ. ಕಳೆದ ವರ್ಷ ಅವಳೇ ಒಪ್ಪಿ ಧಾರವಾಡದ ಒಂದು ವೃದ್ಧಾಶ್ರಮಕ್ಕೆ ಸೇರಿದಳು. ಮೊದಮೊದಲು ಎಲ್ಲರ ಜೊತೆ ಹಾಲ್‌ನಲ್ಲಿ ಊಟ ಮಾಡುತ್ತಿದ್ದಳು. ಆಮೇಲೆ ರಾತ್ರಿ ಊಟ ಮಾತ್ರ ರೂಮಿಗೆ ತರಿಸಿಕೊಳ್ಳತೊಡಗಿದಳು. ಈಗ ಮೂರು ತಿಂಗಳಿಂದ ಎರಡೂ ಹೊತ್ತು ರೂಮಿನಲ್ಲೇ. ಇದಕ್ಕೆ ತಿಂಗಳಿಗೆ ಸ್ವಲ್ಪ ಹೆಚ್ಚು ಹಣ ಕೊಡುತ್ತೇವೆ. ‘ಊಟ ಚಲೋ ಮಾಡ್ತಾರ, ಚಿಂತಿ ಮಾಡಬ್ಯಾಡ್ರಿ’ ಅನ್ನುತ್ತಾರೆ ಆಶ್ರಮದವರು. ನಾನು ದಿನಾ ಸಂಜೆ ಏಳೂವರೆಗೆ ಫೋನ್ ಮಾಡುತ್ತೇನೆ, ಅವಳೂ ‘ಆತವ್ವಾ ಊಟ’ ಅನ್ನುತ್ತಾಳೆ. ಆದರೆ ಮೊನ್ನೆ ಹೋದಾಗ ಕುಪ್ಪಸ ಸಡಿಲಾಗಿತ್ತು. ಮೂರು ತಿಂಗಳ ಹಿಂದೆ 52 ಕೆಜಿ ಇದ್ದವಳು ಈಗ 48. ‘ಈ ವಯಸ್ಸಿನಾಗ ಆಕಿಗೆ ಹೆಂಗ ಬೇಕೋ ಹಂಗ ಇರಲಿ ಬಿಡು’ ಅನ್ನುತ್ತಾನೆ ತಮ್ಮ. ಬಿಡಬೇಕಾ? ಇಲ್ಲ ಹಾಲ್‌ಗೆ ಹೋಗು ಅಂತ ಒತ್ತಾಯ ಮಾಡಬೇಕಾ?

ಉತ್ತರ: ಊಟದ ಹಾಲ್‌ನ ಮಾತು ಆಮೇಲೆ. ಮೊದಲು ಆ ನಾಲ್ಕು ಕೆಜಿ.

ವಯಸ್ಸಾದವರ ಪೋಷಣೆ ಹೇಗಿದೆ ಅಂತ ತಿಳಿಯಲು ನಮ್ಮಂಥ ಡಯಟೀಶಿಯನ್‌ಗಳು ಒಂದು ಸಣ್ಣ ಪ್ರಶ್ನಾವಳಿ ಇಟ್ಟುಕೊಂಡಿರುತ್ತೇವೆ. ‘ಮೂರು ತಿಂಗಳಲ್ಲಿ ಮೂರು ಕೆಜಿಗಿಂತ ಜಾಸ್ತಿ ಇಳಿದಿದ್ದಾರಾ?’ ಅನ್ನೋದು ಅದರಲ್ಲಿ ಒಂದು ಪ್ರಶ್ನೆ. ಹೌದು ಅಂದರೆ ಆ ಪ್ರಶ್ನೆಗೆ ಸೊನ್ನೆ ಅಂಕ. ಅಂಕ ಕಡಿಮೆಯಾದಷ್ಟೂ ಪೋಷಣೆ ಸಾಲುತ್ತಿಲ್ಲ ಅಂತ ಅರ್ಥ. ‘ವಯಸ್ಸಾಯ್ತು, ಇಳೀತಾರೆ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಸಕ್ಕರೆ, ರಕ್ತ, ಹಲ್ಲು, ವಸಡು ಎಲ್ಲ ನೋಡಲಿ. ಈಗ ತಗೊಳ್ಳುತ್ತಿರುವ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಮೆಟ್‌ಫಾರ್ಮಿನ್‌ನಂಥ ದಿನನಿತ್ಯದ ಶುಗರ್ ಗುಳಿಗೆಯೂ ಕೆಲವರ ಹಸಿವು ಕಟ್ಟಿಸುತ್ತದೆ. ಮನಸ್ಸು ಕುಗ್ಗಿದೆಯಾ ಅಂತಲೂ ಕೇಳಿ. ಮನಸ್ಸಿನ ಕಾಯಿಲೆಗಳ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಧಾರವಾಡದಲ್ಲೇ ಇದೆ, ದೂರ ಹೋಗಬೇಕಾಗಿಲ್ಲ. ಟಾನಿಕ್ ಚೀಟಿ ಒಂದನ್ನೇ ಹಿಡಿದುಕೊಂಡು ವಾಪಸ್ ಬರಬೇಡಿ.

ಇನ್ನು ಹಾಲ್‌ಗೆ ಬರೋಣ.

‘ಊಟ ಚಲೋ ಮಾಡ್ತಾರ’ ಅಂದರಲ್ಲ, ಅವರು ನೋಡಿದ್ದೇನು? ನಾನು ಡಯಟೀಶಿಯನ್. ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಆಶ್ರಮಗಳಿಗೆ ಇಪ್ಪತ್ತು ವರ್ಷದಿಂದ ಹೋಗಿಬಂದು ಮಾಡುತ್ತಿದ್ದೇನೆ. ರೂಮಿಗೆ ಹೋಗುವ ತಾಟಿನ ಕಥೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹನ್ನೆರಡೂಕಾಲಿಗೆ ಹುಡುಗ ತಾಟು ತಂದು ಸ್ಟೂಲ್ ಮೇಲೆ ಇಡುತ್ತಾನೆ. ‘ಅಜ್ಜೀ, ಊಟ ಮಾಡ್ರಿ’ ಅಂದು ಮುಂದಿನ ರೂಮಿಗೆ ಹೋಗುತ್ತಾನೆ. ಒಂದು ಗಂಟೆಗೆ ಬಂದು ತಾಟು ಎತ್ತುತ್ತಾನೆ. ತಾಟು ಖಾಲಿ ಇದ್ದರೆ ಊಟ ಆಯಿತು ಅಂತ ಲೆಕ್ಕ. ಒಂದು ಸಲ ಒಬ್ಬ ಅಜ್ಜಿಯ ರೂಮಿನಲ್ಲಿ ಕೂತು ಮಾತಾಡುತ್ತಿದ್ದೆ. ಅವರು ದಿಂಬಿನ ಕೆಳಗಿಂದ ಪೇಪರಿನಲ್ಲಿ ಸುತ್ತಿದ ಎರಡು ಚಪಾತಿ ತೆಗೆದು, ಕಿಟಕಿ ಆಚೆ ಬರುವ ನಾಯಿಗೆ ಹಾಕಿದರು. ನಾಯಿ ಹೊತ್ತಿಗೆ ಸರಿಯಾಗಿ ಬಂದು ನಿಂತಿತ್ತು. ಅಂದರೆ ಇದು ಅವತ್ತಿನದಲ್ಲ, ದಿನದ ರೂಢಿ. ಆಶ್ರಮದ ಪುಸ್ತಕದಲ್ಲಿ ಮಾತ್ರ ಅಜ್ಜಿ ಹೆಸರಿನ ಮುಂದೆ ‘ಊಟ: ಪೂರ್ತಿ’ ಅಂತ ಬರೆದಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ನೋಡಲು ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಹಾಲ್‌ನಲ್ಲಿ ಇದು ನಡೆಯೋದಿಲ್ಲ. ಪಕ್ಕದಲ್ಲಿ ಕೂತ ಅಕ್ಕನ ಕಣ್ಣು ನಿಮ್ಮ ತಾಟಿನ ಮೇಲೇ ಇರುತ್ತದೆ. ‘ಯಾಕ್ರಿ, ಪಲ್ಯಾ ಮುಟ್ಟೇ ಇಲ್ಲಲ್ಲ? ಖಾರ ಆತೇನು?’ ಅನ್ನುತ್ತಾಳೆ. ಮುಜುಗರ ಆಗುತ್ತದೆ, ನಿಜ. ಆದರೆ ಆ ಅಕ್ಕ ಮಾಡುವ ಕೆಲಸ ಸಂಬಳದ ಯಾವ ಸಿಬ್ಬಂದಿಯೂ ಮಾಡಲಾರರು. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನು ಮೊದಲು ಕೇಳೋದೇನು? ‘ಊಟ ಆತ್ರೀ?’ ಅಂತಲೇ ಅಲ್ವಾ? ‘ಇವತ್ತು ಹೇಗಿದ್ದೀರಿ’ ಅನ್ನೋದನ್ನೇ ನಾವು ಹಾಗೆ ಕೇಳುತ್ತೇವೆ. ರೂಮಿನಲ್ಲಿ ಉಣ್ಣುವವರನ್ನು ದಿನವಿಡೀ ಯಾರೂ ಹಾಗೆ ಕೇಳೋದಿಲ್ಲ. ಅವರೂ ಇನ್ನೊಬ್ಬರನ್ನು ಕೇಳೋದಿಲ್ಲ.

ಎರಡನೇ ವಿಷಯ, ಉಪಚಾರ. ನಮ್ಮ ಭಾಗದಲ್ಲಿ ಎರಡನೇ ರೊಟ್ಟಿಯನ್ನು ಯಾರೂ ಕೇಳಿ ಹಾಕಿಸಿಕೊಳ್ಳೋದಿಲ್ಲ. ನೀಡುವವರು ‘ಇನ್ನೊಂದರ ಹಾಕ್ಕೋರಿ’ ಅನ್ನಬೇಕು. ನಾವು ತಾಟಿನ ಮೇಲೆ ಕೈ ಅಡ್ಡ ಹಿಡಿದು ‘ಸಾಕ್ರಿ, ಸಾಕು’ ಅನ್ನಬೇಕು. ಅವರು ‘ಅರ್ಧಾರ ಹಾಕ್ಕೋರಿ’ ಅನ್ನಬೇಕು. ಮೂರನೇ ಸಲಕ್ಕೆ ಕೈ ಪಕ್ಕಕ್ಕೆ ಸರಿಯುತ್ತದೆ. ಈ ಆಟ ಆಡಿಯೇ ನಿಮ್ಮ ಅವ್ವ ಅರವತ್ತು ವರ್ಷ ಉಂಡಿದ್ದಾರೆ, ಉಣಿಸಿದ್ದಾರೆ. ರೂಮಿಗೆ ಬರುವ ತಾಟಿನಲ್ಲಿ ಎರಡನೇ ಸುತ್ತೇ ಇಲ್ಲ. ಇನ್ನೊಂದು ರೊಟ್ಟಿ ಬೇಕು ಅನ್ನಿಸಿದರೂ ಬೆಲ್ ಒತ್ತಿ ಹುಡುಗನನ್ನು ಕರೆದು ಕೇಳುವ ಹೆಂಗಸರು ಆ ತಲೆಮಾರಿನಲ್ಲಿ ಎಷ್ಟು ಜನ ಸಿಗುತ್ತಾರೆ? ಸಾವಿರಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ‘ಸಂಕೋಚ ಮಾಡಿಕೊಳ್ಳಬೇಡವ್ವಾ’ ಅಂತ ನೀವು ಫೋನಿನಲ್ಲಿ ಹೇಳುತ್ತೀರಿ. ಆದರೆ ಆ ಸಂಕೋಚವನ್ನು ಮರ್ಯಾದೆ ಅಂತ ಚಿಕ್ಕಂದಿನಲ್ಲೇ ಕಲಿಸಿ ಬೆಳೆಸಿದ್ದಾರೆ.

ಇದಕ್ಕೆ ಲೆಕ್ಕವೂ ಇದೆ. 1980ರ ದಶಕದಲ್ಲಿ ಅಮೆರಿಕದ ಜಾನ್ ಡಿ ಕ್ಯಾಸ್ಟ್ರೊ ಎಂಬ ಸಂಶೋಧಕರು ಜನರ ಕೈಗೆ ಡೈರಿ ಕೊಟ್ಟು, ಒಂದು ವಾರ ಏನು ತಿಂದಿರಿ, ಯಾರ ಜೊತೆ ತಿಂದಿರಿ ಅಂತ ಬರೆಸಿದರು. ಒಬ್ಬರೇ ತಿಂದ ಊಟಕ್ಕಿಂತ ಜೊತೆಯಲ್ಲಿ ತಿಂದ ಊಟ ಶೇಕಡಾ 44ರಷ್ಟು ದೊಡ್ಡದಿತ್ತು. ಅದು ಮನೆಯಲ್ಲಿರುವ ಆರೋಗ್ಯವಂತರ ಮಾತು. ಆಶ್ರಮಗಳ ಬಗ್ಗೆ ನಾನು ಎಲ್ಲರಿಗೂ ಹೇಳೋದು ನೆದರ್‌ಲ್ಯಾಂಡ್ಸ್‌ನ ಒಂದು ಅಧ್ಯಯನ. 2006ರಲ್ಲಿ ಬ್ರಿಟನ್ನಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಐದು ಆರೈಕೆ ಮನೆಗಳು, 178 ಜನ, ಆರು ತಿಂಗಳು. ಅರ್ಧ ಜನರಿಗೆ ಹಿಂದಿನಂತೆ ಟ್ರೇಯಲ್ಲಿ ಹಾಕಿಟ್ಟ ಊಟ. ಇನ್ನರ್ಧ ಜನರಿಗೆ ಮೇಜಿಗೆ ಬಟ್ಟೆ ಹಾಸಿ, ಪಾತ್ರೆಗಳನ್ನು ನಡುವೆ ಇಟ್ಟು, ಬೇಕಾದ್ದು ಹಾಕಿಕೊಳ್ಳಿ ಅಂದರು. ಸಿಬ್ಬಂದಿ ಜೊತೆಗೆ ಕೂತು ಮಾತಾಡಿದರು. ಊಟದ ಹೊತ್ತಿನಲ್ಲಿ ಬೇರೆ ಕೆಲಸಗಳನ್ನು ನಿಲ್ಲಿಸಿದರು. ಆರು ತಿಂಗಳ ಕೊನೆಗೆ ಟ್ರೇ ಊಟದವರ ತೂಕ ಇಳಿದಿತ್ತು, ಮೇಜಿನ ಊಟದವರದು ಉಳಿದಿತ್ತು. ನಡುವಿನ ಅಂತರ ಸುಮಾರು ಒಂದೂವರೆ ಕೆಜಿ. ಕೈ ಬೆರಳುಗಳ ಚಲನೆ, ಬದುಕಿನ ಬಗ್ಗೆ ಸಮಾಧಾನ ಕೂಡ ಮೇಜಿನವರದ್ದೇ ಚೆನ್ನಾಗಿತ್ತು. ಅಲ್ಲಿನವರು ಹೊಸದಾಗಿ ಕಲಿತ ಈ ‘ಮೇಜಿನ ಊಟ’ ನಮ್ಮ ಮನೆಯ ಪಂಕ್ತಿಯೇ. ನಾವು ಮಾತ್ರ ಆಶ್ರಮ ಕಟ್ಟುವಾಗ ಅವರು ಬಿಟ್ಟ ಟ್ರೇ ತಂದಿಟ್ಟುಕೊಂಡಿದ್ದೇವೆ.

ಆದರೆ ಪಂಕ್ತಿ ಅಂದಾಗ ಒಂದು ಮಾತು ಮರೆಯಬಾರದು. ನಿಮ್ಮ ಅವ್ವನ ತಲೆಮಾರಿನ ಹೆಂಗಸರು ಪಂಕ್ತಿಯಲ್ಲಿ ಕೂತು ಉಂಡಿದ್ದು ಕಡಿಮೆ. ನಿಂತು ನೀಡಿದ್ದೇ ಜಾಸ್ತಿ. ಗಂಡಸರದು, ಮಕ್ಕಳದು, ಬಂದವರದು ಎಲ್ಲ ಆದ ಮೇಲೆ ಒಲೆ ಮುಂದೆ ಕೂತು ತಳದಲ್ಲಿ ಉಳಿದದ್ದನ್ನು ಉಂಡವರು. ಅಂಥವರನ್ನು ಕುರ್ಚಿಯ ಮೇಲೆ ಕೂರಿಸಿ, ಇಪ್ಪತ್ತು ವರ್ಷದ ಹುಡುಗ ಬಂದು ನೀಡಿದರೆ ಹಿತ ಅನ್ನಿಸಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಅವರಿಗೆ ಅದು ಹಂಗು ಅನ್ನಿಸುತ್ತದೆ.

ಅಣ್ಣಿಗೇರಿ ಕಡೆಯ ಒಬ್ಬ ಅಜ್ಜಿ ಇದ್ದರು. ಊಟದ ಗಂಟೆ ಹೊಡೆದ ಕೂಡಲೇ ಹಾಲ್‌ಗೆ ಬರುತ್ತಿದ್ದರು, ಆದರೆ ಕೂರುತ್ತಿರಲಿಲ್ಲ. ಗೋಡೆಗೆ ಆತು ನಿಂತುಬಿಡುತ್ತಿದ್ದರು. ಎಲ್ಲರದೂ ಮುಗಿದ ಮೇಲೆ ತಣ್ಣಗಾದ ಅನ್ನಕ್ಕೆ ತಣ್ಣಗಾದ ಸಾರು ಹಾಕಿಸಿಕೊಂಡು ನಾಲ್ಕು ತುತ್ತು ಉಣ್ಣುತ್ತಿದ್ದರು. ಸಿಬ್ಬಂದಿ ಪ್ರಕಾರ ಅವರು ಹಟಮಾರಿ. ‘ಯಾಕ್ರಿ ಕುಂಡ್ರವಲ್ರಿ?’ ಅಂತ ಕೇಳಿದೆ. ‘ಎಲ್ಲಾರದೂ ಆಗಲಿ ತಾಯಿ, ಆಮ್ಯಾಲ ನಾ ಕುಂಡ್ರತೀನಿ’ ಅಂದರು, ನಾನೇನೋ ತಿಳಿಯದ ಹುಡುಗಿ ಅನ್ನೋ ಥರ. ಮರುವಾರ ಅಡುಗೆಯವರಿಗೆ ಹೇಳಿ ತುಪ್ಪದ ಬಟ್ಟಲು, ಚಮಚ ಅವರ ಕೈಗೆ ಕೊಡಿಸಿದೆ. ಅವರು ಮೇಜಿನಿಂದ ಮೇಜಿಗೆ ಹೋಗಿ ಒಬ್ಬೊಬ್ಬರ ಬಿಸಿ ಅನ್ನಕ್ಕೆ ಒಂದೊಂದು ಚಮಚ ತುಪ್ಪ ನೀಡಬೇಕು. ಸುತ್ತು ಮುಗಿಯುವ ಹೊತ್ತಿಗೆ ಕೊನೆಯ ಮೇಜಿನಲ್ಲಿ ಅವರಿಗೊಂದು ಕುರ್ಚಿ ಖಾಲಿ ಇರಬೇಕು, ಆ ಮೇಜಿಗೆ ಊಟ ಆಗಷ್ಟೇ ಬರಬೇಕು. ಇಷ್ಟೇ ಬದಲಾವಣೆ. ಅಜ್ಜಿ ಬಿಸಿ ಊಟ ಮಾಡತೊಡಗಿದರು. ಇನ್ನೊಂದು ಲಾಭವನ್ನು ನಾನು ಎಣಿಸಿರಲೇ ಇಲ್ಲ. ಯಾರು ತುಪ್ಪ ಬೇಡ ಅಂದರು, ಯಾರು ಇವತ್ತು ಬಂದಿಲ್ಲ, ಎಲ್ಲ ಅವರಿಗೆ ಗೊತ್ತು. ಒಂದು ದಿನ ‘ಮೂರನೇ ರೂಮಿನ ಅಕ್ಕ ಬಂದಿಲ್ಲ ನೋಡ್ರಿ, ಮುಂಜಾನೆ ಚಾಕ್ಕೂ ಬಂದಿರಲಿಲ್ಲ’ ಅಂದರು. ಹೋಗಿ ನೋಡಿದರೆ ಆ ಅಕ್ಕನಿಗೆ ಮೈ ಸುಡುವ ಜ್ವರ. ಸಂಜೆಯವರೆಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದಕ್ಕೇ ಹಾಲ್ ಬೇಕು ಅನ್ನೋದು. ಅಲ್ಲಿ ನಿಮ್ಮದೊಂದು ಜಾಗ ಇರುತ್ತದೆ, ಆ ಜಾಗ ಖಾಲಿ ಬಿದ್ದರೆ ಯಾರಾದರೂ ಕೇಳುತ್ತಾರೆ. ರೂಮಿನಲ್ಲಿ ಉಂಡರೆ ಕೇಳುವವರು ಇರೋದಿಲ್ಲ.

ಹಾಗಾದರೆ ಒತ್ತಾಯ ಮಾಡಿ ಅಂತೀರಾ ಅಂದರೆ, ಇಲ್ಲ. ನಿಮ್ಮ ತಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ. ಕೈ ಹಿಡಿದು ಎಳೆದುಕೊಂಡು ಬಂದು ಕೂರಿಸಿದ ಊಟ ಶಾಲೆಯ ಶಿಕ್ಷೆ ಥರ ಆಗುತ್ತದೆ. ಆದರೆ ಅವರು ಮೊದಲು ಬರುತ್ತಿದ್ದರು, ಆಮೇಲೆ ಬಿಟ್ಟರು. ಅಂದರೆ ನಡುವೆ ಏನೋ ಆಗಿದೆ. ಅದನ್ನು ಹುಡುಕದೆ ‘ಅವರ ಇಷ್ಟ’ ಅಂತ ಕೈ ತೊಳೆದುಕೊಂಡರೆ ಅದು ನಮ್ಮ ಅನುಕೂಲ, ಅವರ ಇಷ್ಟ ಅಲ್ಲ.

ಏನಾಗಿರಬಹುದು? ನಾನು ನೋಡಿದ್ದನ್ನು ಹೇಳುತ್ತೇನೆ.

ಗದಗ-ಬೆಟಗೇರಿಯಲ್ಲಿ ಮಗ್ಗ ನಡೆಸಿದ್ದ ಒಬ್ಬ ಅಜ್ಜ ಇದ್ದಕ್ಕಿದ್ದಂತೆ ಹಾಲ್‌ಗೆ ಬರೋದು ಬಿಟ್ಟರು. ‘ಗದ್ದಲ ಆಗ್ತೈತ್ರಿ’ ಅಂದರು. ಮೂರನೇ ಸಲ ಹೋಗಿ ಕೂತಾಗ ಬಾಯಿಬಿಟ್ಟರು. ಪಾರ್ಕಿನ್ಸನ್ ಬಂದು ಕೈ ನಡುಗುತ್ತಿತ್ತು. ಅನ್ನ ಸಾರು ಕಲಸಿ ತುತ್ತು ಎತ್ತಿದರೆ ಅರ್ಧ ಬಾಯಿಗೆ, ಅರ್ಧ ಅಂಗಿಗೆ. ‘ಸೀರಿ ಅಂಚು ನೇದ ಕೈರೀ ಇವು. ಈಗ ಸಾರು ಎದಿಮ್ಯಾಲ ಸುರೀತೈತಿ. ಹೆಣ್ಮಕ್ಕಳ ಮುಂದ ಹೆಂಗ ಉಣ್ಣಲಿ?’ ನಡುಕದ ಗುಳಿಗೆಯ ಜೋರು ಇಳಿಯುವ ಹೊತ್ತಿಗೆ ಸರಿಯಾಗಿ ಆಶ್ರಮದ ಊಟದ ಹೊತ್ತು ಬರುತ್ತಿತ್ತು. ಡಾಕ್ಟರನ್ನು ಕೇಳಿ ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಬರುವಂತೆ ಮಾಡಿದೆವು. ಆ ಗುಳಿಗೆ ಹೊಟ್ಟೆ ತುಂಬಿದಾಗ, ಅದರಲ್ಲೂ ಬ್ಯಾಳಿ-ಹಾಲಿನಂಥ ಪ್ರೋಟೀನ್ ಜೊತೆ ಹೋದರೆ, ಸರಿಯಾಗಿ ಕೆಲಸ ಮಾಡೋದಿಲ್ಲ. ತಾಟಿನ ಬದಲು ಅಂಚು ಎತ್ತರದ ಬಟ್ಟಲು, ನೀರಿನ ಲೋಟ ಅರ್ಧ ಮಾತ್ರ, ಸಾರನ್ನ ಸ್ವಲ್ಪ ಗಟ್ಟಿ, ಕೂರಲು ಮೂಲೆಯ ಮೇಜು. ಅಜ್ಜ ವಾಪಸ್ ಬಂದರು. ಪೂರ್ತಿ ಸರಿಹೋಯಿತು ಅಂತ ಹೇಳೋದಿಲ್ಲ. ಕೆಲವು ದಿನ ಈಗಲೂ ರೂಮಿನಲ್ಲೇ ಉಣ್ಣುತ್ತಾರೆ. ಇರಲಿ ಬಿಡಿ.

ಹಲ್ಲಿನ ತೊಂದರೆಯೂ ಹೀಗೇ ಬಚ್ಚಿಟ್ಟುಕೊಳ್ಳುತ್ತದೆ. ಕಡಕ್ ರೊಟ್ಟಿ ಕಡಿಯಲು ಆಗೋದಿಲ್ಲ, ಎಲ್ಲರೆದುರು ಸಾರಿನಲ್ಲಿ ನೆನೆಸಿ ತಿನ್ನಲು ನಾಚಿಕೆ. ಇದಕ್ಕೆ ನಮ್ಮ ಅಡುಗೆಯಲ್ಲೇ ಉತ್ತರ ಇದೆ. ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಉಪ್ಪು, ಎಣ್ಣೆ ಹಾಕಿ ಕುಟ್ಟಿದ ಮುಟಗಿ. ಜೋಳದ ನುಚ್ಚು, ಮಜ್ಜಿಗೆ. ಯಾರಿಗೂ ‘ಪೇಶಂಟ್ ಊಟ’ ಅನ್ನಿಸೋದಿಲ್ಲ. ಪಕ್ಕದವರೂ ‘ನನಗೂ ಒಂದೀಟು’ ಅನ್ನುತ್ತಾರೆ.

ಕಿವಿ. ಸ್ಟೀಲ್ ತಾಟಿನ ಸದ್ದು, ಮೇಲೆ ಫ್ಯಾನ್, ಒಳಗೆ ಮಿಕ್ಸರ್, ಗೋಡೆಯ ಮೇಲೆ ಟಿವಿಯಲ್ಲಿ ಅಳುವ ಸೊಸೆ. ಕಿವಿ ಮಂದ ಇದ್ದವರಿಗೆ ಪಕ್ಕದವರ ಮಾತು ಒಂದಕ್ಷರ ತಿಳಿಯೋದಿಲ್ಲ. ಎರಡು ಸಲ ತಪ್ಪು ಉತ್ತರ ಕೊಟ್ಟು ಎಲ್ಲರೂ ನಕ್ಕರೆ ಸಾಕು, ಮೂರನೇ ಸಲ ಬರೋದಿಲ್ಲ. (ನಮ್ಮ ಹಿರಿಯ ನಾಗರಿಕರ 2007ರ ಕಾಯ್ದೆ ರಾಜ್ಯ ಸರ್ಕಾರ ಜಿಲ್ಲೆಗೊಂದಾದರೂ ವೃದ್ಧಾಶ್ರಮ ತೆರೆಯಬಹುದು ಅನ್ನುತ್ತದೆ. ಅಲ್ಲಿ ಇರಬೇಕಾದ ಸೇವೆಗಳ ಮಾತು ಬಂದಾಗ ವೈದ್ಯಕೀಯ ಆರೈಕೆಯನ್ನೂ ಮನರಂಜನೆಯನ್ನೂ ಹೆಸರಿಸುತ್ತದೆ. ಆ ಮನರಂಜನೆ ಊಟದ ಹಾಲ್‌ನ ಗೋಡೆಯ ಮೇಲೇ ಯಾಕೆ ನೇತಾಡಬೇಕೋ ನನಗಂತೂ ಗೊತ್ತಿಲ್ಲ.)

ಇನ್ನೊಂದು ಕಾರಣವನ್ನು ಜನ ಹೇಳೋದೇ ಇಲ್ಲ. ಪಕ್ಕದ ಕುರ್ಚಿಯವರು ತೀರಿಕೊಂಡಿರುತ್ತಾರೆ. ಆಶ್ರಮಗಳಲ್ಲಿ ಸಾವು ಬರುತ್ತದೆ, ಮರುದಿನ ಆ ಕುರ್ಚಿಯಲ್ಲಿ ಹೊಸಬರು ಕೂರುತ್ತಾರೆ. ಉಳಿದವರಿಗೆ ಬೇಜಾರಾಗಬಾರದು ಅಂತ ಯಾರೂ ಅದರ ಮಾತೇ ಎತ್ತೋದಿಲ್ಲ. ಎಂಟು ತಿಂಗಳು ದಿನಾ ಎರಡು ಹೊತ್ತು ಪಕ್ಕದಲ್ಲಿ ಕೂತು ಉಂಡವಳು ಹೋಗಿಬಿಟ್ಟಳು, ಒಬ್ಬರೂ ಅಯ್ಯೋ ಅನ್ನಲಿಲ್ಲ ಅಂದರೆ ಆ ಹಾಲ್‌ಗೆ ಕಾಲಿಡಲು ಮನಸ್ಸಾದರೂ ಹೇಗೆ ಬಂದೀತು? ಮೂರು ತಿಂಗಳ ಹಿಂದೆ ಅಲ್ಲಿ ಯಾರಾದರೂ ತೀರಿಕೊಂಡರಾ ಅಂತ ಮ್ಯಾನೇಜರನ್ನು ಕೇಳಿ. ಹೌದು ಅಂದರೆ ಅವ್ವನ ಜೊತೆ ಆ ಗೆಳತಿಯ ಬಗ್ಗೆ ಮಾತಾಡಿ. ಊಟದ ವಿಷಯ ಅವತ್ತು ಬೇಡವೇ ಬೇಡ.

ಜಾತಿಯ ಮಾತನ್ನೂ ಮುಚ್ಚಿಡೋದಿಲ್ಲ. ‘ಅವರ ಜೋಡಿ ಹೆಂಗ ಕುಂಡ್ರೋದು’ ಅನ್ನುವ ಹಿರಿಯರು ಈಗಲೂ ಇದ್ದಾರೆ. ಸಸ್ಯಾಹಾರಕ್ಕೆ ಬೇರೆ ಪಾತ್ರೆ, ಸೋಮವಾರದ ಒಪ್ಪತ್ತು, ಲಿಂಗಪೂಜೆ ಆಗುವ ತನಕ ಕಾಯೋದು, ರಂಜಾನ್ ತಿಂಗಳಲ್ಲಿ ಹೊತ್ತು ಬದಲಿಸೋದು, ಇವೆಲ್ಲ ಆಗಲೇಬೇಕು. ಬೇರೆ ಸಾಲು ಮಾತ್ರ ಕೂಡದು. ಯಾರಾದರೂ ಹಟ ಹಿಡಿದರೆ ನಾನು ಕೇಳೋದು ಒಂದೇ. ‘ಸಿದ್ಧಾರೂಢರ ಮಠದಾಗ ಪ್ರಸಾದಕ್ಕ ಕುಂತೀರಿ? ಗದುಗಿನ ಪುಣ್ಯಾಶ್ರಮದಾಗ ಉಂಡೀರಿ? ಅಲ್ಲಿ ಮಗ್ಗಲದವರ ಜಾತಿ ಕೇಳಿದ್ರೇನು?’ ಹೆಚ್ಚಿನವರು ನಗುತ್ತಾರೆ. ಒಬ್ಬರು ನಗಲಿಲ್ಲ, ಈಗಲೂ ಬರೋದಿಲ್ಲ.

ಬೇರೆಯವರ ತಪ್ಪು ಎಣಿಸಿದ್ದಾಯಿತು, ನನ್ನದೂ ಒಂದಿದೆ. ಕೆಲಸದ ಶುರುವಿನಲ್ಲಿ ಒಂದು ಆಶ್ರಮದಲ್ಲಿ ಶುಗರ್ ಇದ್ದವರಿಗೆಲ್ಲ ಬೇರೆ ಮೇಜು ಮಾಡಿಸಿ, ‘ಮಧುಮೇಹಿಗಳಿಗೆ’ ಅಂತ ಬೋರ್ಡ್ ಹಾಕಿಸಿದೆ. ನೀಡುವವರಿಗೆ ಗೊಂದಲ ಆಗಬಾರದು ಅಂತ. ತಿಂಗಳೊಳಗೆ ಆ ಮೇಜಿನ ಏಳು ಜನರಲ್ಲಿ ನಾಲ್ವರು ರೂಮಿಗೆ ಊಟ ತರಿಸಿಕೊಳ್ಳತೊಡಗಿದರು. ಹೋಳಿಗೆಯ ದಿನ ಆಚೆ ಮೇಜಿನವರು ತುಪ್ಪ ಹಾಕಿಕೊಂಡು ತಿನ್ನುವಾಗ ಇವರು ಚಪಾತಿ ನೋಡಿಕೊಂಡು ಕೂರಬೇಕಿತ್ತು. ಸಕ್ಕರೆ ಹತೋಟಿಗೆ ಬಂತು, ಜನ ಸೊರಗಿದರು. ಬೋರ್ಡ್ ಕಿತ್ತು ಹಾಕಿಸಿದೆ. ಈಗ ನನ್ನ ಲೆಕ್ಕವೇ ಬೇರೆ. 75 ದಾಟಿದವರಿಗೆ, ಅದರಲ್ಲೂ ತೂಕ ಇಳಿಯುತ್ತಿರುವವರಿಗೆ, ಬಿಗಿ ಪಥ್ಯ ಹೇಳುವ ಮೊದಲು ಹತ್ತು ಸಲ ಯೋಚಿಸುತ್ತೇನೆ. ಹೋಳಿಗೆಯ ದಿನ ಅರ್ಧ ಹೋಳಿಗೆ, ಅನ್ನ ಸ್ವಲ್ಪ ಕಡಿಮೆ, ಅದೇ ಮೇಜಿನಲ್ಲಿ.

ಆಶ್ರಮದವರನ್ನು ಏನು ಕೇಳಬಹುದು ಅಂತಲೂ ಹೇಳಿಬಿಡುತ್ತೇನೆ. ಜಗಳ ಆಡಬೇಡಿ, ಅವರ ಬಳಿ ಜನ ಕಡಿಮೆ ಇರುತ್ತಾರೆ. ಗೋಡೆಯ ಉದ್ದಕ್ಕೂ ಒಂದೇ ಕಡೆ ಮುಖ ಮಾಡಿ ಕೂರಿಸಿದರೆ ಮಾತು ಹುಟ್ಟೋದಿಲ್ಲ, ನಾಲ್ಕು ಜನರ ಮೇಜು ಒಳ್ಳೆಯದು. ಊಟದ ಹೊತ್ತಿಗೆ ಟಿವಿ ಬಂದ್. ಕೊನೆಯವರ ಊಟ ಮುಗಿಯುವ ತನಕ ಫಿನಾಯಿಲ್ ಬಕೆಟ್ ಹಾಲ್ ಒಳಗೆ ಬರಬಾರದು. ಇದು ನನಗೆ ಬಹಳ ಸಿಟ್ಟು ಬರಿಸುವ ವಿಷಯ. ವಯಸ್ಸಾದವರಿಗೆ ಅರ್ಧ ಗಂಟೆ ಸಾಲೋದಿಲ್ಲ, ಮುಕ್ಕಾಲು ಗಂಟೆ ಬೇಕು. ಸಿಬ್ಬಂದಿಯಲ್ಲಿ ಒಬ್ಬರಾದರೂ ನಿಂತು ಕಾಯುವ ಬದಲು ತಮ್ಮ ತಾಟು ತಂದು ಜೊತೆಗೆ ಕೂತು ಉಣ್ಣಲಿ. ಕಣ್ಣು ಮಂಜಾದವರಿಗೆ ಬಿಳಿ ತಾಟಿನಲ್ಲಿ ಬಿಳಿ ಅನ್ನ ಕಾಣೋದಿಲ್ಲ. ಬೋಸ್ಟನ್‌ನಲ್ಲಿ ಅಲ್ಜೈಮರ್ ಇದ್ದ ಕೆಲವರಿಗೆ ಕೆಂಪು ತಾಟಿನಲ್ಲಿ ಕೊಟ್ಟು ನೋಡಿದಾಗ ಜಾಸ್ತಿ ಉಂಡರು. ನಮ್ಮ ಬಾಳೆ ಎಲೆಯ ಹಸಿರಿನ ಮೇಲೆ ಅನ್ನ ಎಷ್ಟು ಚಂದ ಎದ್ದು ಕಾಣುತ್ತದೆ ನೋಡಿ. ದಿನಾ ಎಲೆ ತರಲು ಆಗೋದಿಲ್ಲ, ಬಣ್ಣದ ತಾಟಾದರೂ ಇಡಬಹುದು.

ಕೆಲವರು ರೂಮಿನಲ್ಲಿ ಉಣ್ಣೋದೇ ಸರಿ, ಅದನ್ನೂ ಹೇಳಬೇಕು. ಜ್ವರ, ಕೆಮ್ಮು ಇದ್ದಾಗ. ಗದ್ದಲಕ್ಕೆ ಗಾಬರಿಯಾಗುವ ಮರೆವಿನ ಕಾಯಿಲೆಯವರು. ಜೀವನವಿಡೀ ಒಬ್ಬರೇ ಉಂಡು ಅದರಲ್ಲೇ ಸುಖ ಕಂಡವರು. ಆದರೆ ನುಂಗುವಾಗ ಕೆಮ್ಮು ಬರುವವರು, ನೀರು ಕುಡಿದ ಮೇಲೆ ದನಿ ಗೊರಗೊರ ಅನ್ನುವವರು ಮಾತ್ರ ಎಲ್ಲೇ ಉಂಡರೂ ಒಬ್ಬರೇ ಉಣ್ಣಬಾರದು. ನೆಟ್ಟಗೆ ಕೂತು ಉಣ್ಣಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಬಾರದು. ನಿಮ್ಮ ಅವ್ವಗೆ ಇಂಥದ್ದಿದೆಯಾ ಅಂತ ಡಾಕ್ಟರ ಬಳಿ ಹೋದಾಗ ಕೇಳಿ.

ಇನ್ನು ನೀವು ಮಾಡಬೇಕಾದ್ದು. ಊಟದಿಂದ ಶುರು ಮಾಡಬೇಡಿ, ನಾಲ್ಕು ಗಂಟೆಯ ಚಾದಿಂದ ಶುರು ಮಾಡಿ. ಚಾ ಕುಡಿಯುವಾಗ ಕೈ ನಡುಗಿದರೂ, ಹಲ್ಲಿಲ್ಲದಿದ್ದರೂ ಯಾರೂ ನೋಡೋದಿಲ್ಲ. ಹತ್ತು ನಿಮಿಷದಲ್ಲಿ ಎದ್ದು ಹೋಗಬಹುದು. ವಾರಕ್ಕೊಂದು ದಿನ ಗಿರ್ಮಿಟ್ ಮಾಡಿಸಿ ಅಂತ ಆಶ್ರಮದವರಿಗೆ ಹೇಳಿ, ಉಳ್ಳಾಗಡ್ಡಿ ಹೆಚ್ಚಲು ನಿಮ್ಮ ಅವ್ವನನ್ನು ಕರೆಯಲಿ. ಚಾದ ಗೆಳೆತನ ಆದ ಮೇಲೆ ಮಧ್ಯಾಹ್ನದ ಊಟ. ರಾತ್ರಿಯದು ಕೊನೆಗೆ ನೋಡೋಣ. ಮುಂಜಾನೆ ನಾಷ್ಟಾ ರೂಮಿನಲ್ಲೇ ಬೇಕು ಅಂದರೆ ಇರಲಿ.

ಮುಂದಿನ ಸಲ ಹೋಗುವಾಗ ಹನ್ನೊಂದೂವರೆಗೆ ತಲುಪಿ. ನಿಮ್ಮ ಊಟದ ದುಡ್ಡು ಕೊಟ್ಟು, ಅವ್ವನ ಕೈ ಹಿಡಿದು ಹಾಲ್‌ಗೆ ಹೋಗಿ ಅವರ ಪಕ್ಕ ಕೂರಿ. ಹೊರಗೆ ಹೋಟೆಲಿಗೆ ಕರೆದುಕೊಂಡು ಹೋಗಬೇಡಿ, ಎಲ್ಲ ಮಕ್ಕಳೂ ಅದೇ ಮಾಡುತ್ತಾರೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿಕೊಂಡು ಹೋಗಿ. ಸಣ್ಣ ಡಬ್ಬಿ ತಂದರೆ ರೂಮಿನ ಕಪಾಟಿಗೆ ಹೋಗುತ್ತದೆ, ದೊಡ್ಡ ಡಬ್ಬಿ ತಂದರೆ ಹಾಲ್‌ನ ಮೇಜಿಗೆ ಬರುತ್ತದೆ. ‘ಇದು ನನ್ನ ಮಗಳು ಮಾಡಿದ್ದು, ಹಾಕ್ಕೋರಿ’ ಅಂತ ನೀಡುವ ಕೆಲಸ ಅವ್ವನಿಗೇ ಇರಲಿ, ನೀವು ಚಮಚ ಮುಟ್ಟಬೇಡಿ. ತೂಕವನ್ನು ಹದಿನೈದು ದಿನಕ್ಕೊಮ್ಮೆ, ಅದೇ ತಕ್ಕಡಿಯಲ್ಲಿ, ಮುಂಜಾನೆ ತೂಗಿ ಬರೆದಿಡಲು ಹೇಳಿ. ಇಷ್ಟರ ನಡುವೆ ಅಲ್ಲಿ ನಿಜವಾಗಿ ಊಟಕ್ಕೇ ತೊಂದರೆ ಕೊಡುತ್ತಿದ್ದಾರೆ, ಬೈಯುತ್ತಿದ್ದಾರೆ ಅನ್ನಿಸಿದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ನಿಮ್ಮ ಪತ್ರ ನೋಡಿದರೆ ಹಾಗೆ ಅನ್ನಿಸೋದಿಲ್ಲ.

ಕೊನೆಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವು ದಿನಾ ಏಳೂವರೆಗೆ ಫೋನ್ ಮಾಡುತ್ತೇನೆ ಅಂತ ಬರೆದಿದ್ದೀರಿ. ಅವ್ವ ಮೊದಲು ಬಿಟ್ಟಿದ್ದು ರಾತ್ರಿ ಊಟ ಅಂತಲೂ ಬರೆದಿದ್ದೀರಿ. ಆ ಆಶ್ರಮದಲ್ಲಿ ರಾತ್ರಿ ಊಟ ಎಷ್ಟು ಹೊತ್ತಿಗೆ? ನನಗೆ ಗೊತ್ತಿರುವ ಹೆಚ್ಚಿನ ಕಡೆ ಏಳರಿಂದ ಎಂಟರ ಒಳಗೆ. ಹಾಲ್‌ನ ಗದ್ದಲದಲ್ಲಿ ಫೋನ್ ಕೇಳಿಸೋದಿಲ್ಲ, ಎಲ್ಲರ ಮುಂದೆ ಮಾತಾಡಲೂ ಆಗೋದಿಲ್ಲ. ಮಗಳ ಫೋನ್ ತಪ್ಪಿಹೋಗಬಾರದು ಅಂತ ರೂಮಿನಲ್ಲಿ ಕೂತು ಕಾಯುತ್ತಿರಬಹುದು. ಇದು ನನ್ನ ಊಹೆ, ಆದರೆ ಎರಡು ಮನೆಗಳಲ್ಲಿ ಇದೇ ಆಗಿದ್ದನ್ನು ನೋಡಿದ್ದೇನೆ. ಕಾಯ್ದಿಟ್ಟ ತಾಟು ತಣ್ಣಗಾಗುತ್ತದೆ, ಫೋನ್ ಮುಗಿದ ಮೇಲೆ ಹಸಿವೂ ಹೋಗಿರುತ್ತದೆ. ಅವರು ‘ಆತವ್ವಾ ಊಟ’ ಅನ್ನುವಾಗ ತಾಟು ಸ್ಟೂಲ್ ಮೇಲೆ ಹಾಗೇ ಇರುತ್ತದೆ.

ನಾಳೆಯಿಂದ ಎಂಟೂವರೆಗೆ ಫೋನ್ ಮಾಡಿ. ಎಂಟೂವರೆ ತನಕ ಮಾಡೋದಿಲ್ಲ ಅಂತ ಮೊದಲೇ ಅವ್ವನಿಗೆ ಹೇಳಿಬಿಡಿ. ‘ಊಟ ಆತೇನವ್ವಾ’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಅವರ ಬಳಿ ಸಿದ್ಧ ಇದೆ. ‘ಇವತ್ತ ಮಗ್ಗಲದಾಗ ಯಾರು ಕುಂತಿದ್ರವ್ವಾ?’ ಅಂತ ಕೇಳಿ.